ಪರದೆ ಬಟ್ಟೆಯ ಬೆಳಕು

ನಮ್ಮ ಸ್ಟುಡಿಯೊದಲ್ಲಿ ಅಂಗಡಿಯಿಂದ ತಂದ ದೀಪ ಒಂದೂ ಇಲ್ಲ. ಇರುವುದೆಲ್ಲ ನಮ್ಮ ಯಜಮಾನರ ಕೈಕೆಲಸ. ಗುಜರಿಯವನ ರಾಶಿಯಿಂದ ಕಾಲು ಮುರಿದ ಹಳೇ ಫ್ಲ್ಯಾಶುಗಳನ್ನು ಆರಿಸಿ ತರುತ್ತಾರೆ, ನೆಲ ಒರೆಸುವ ಕೋಲಿನ ತುದಿಗೆ ಬಿಗಿಯುತ್ತಾರೆ, ಕೋಲನ್ನು ಪೇಂಟಿನ ಡಬ್ಬದಲ್ಲಿ ನಿಲ್ಲಿಸಿ ಸಿಮೆಂಟು ಸುರಿಯುತ್ತಾರೆ. ಕ್ಯಾಮೆರಾದಿಂದ ಫ್ಲ್ಯಾಶಿಗೆ ಹಳೇ ಟೆಲಿಫೋನಿನ ತಂತಿ. ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆಯ ಒಳಗೆ ಅಡುಗೆಮನೆಯ ಬೆಳ್ಳಿ ಬಣ್ಣದ ಹಾಳೆ ಅಂಟಿಸಿ, ಪೆಟ್ಟಿಗೆಯ ಬಾಯಿಗೆ ಬಟ್ಟೆ ಕಟ್ಟಿದರೆ ದೊಡ್ಡ ದೀಪ ಸಿದ್ಧ. ಆ ಬಟ್ಟೆ ನನ್ನ ಮಲಗುವ ಕೋಣೆಯ ಪರದೆಯ ಲೈನಿಂಗು. ನಾನು ತವರಿಗೆ ಹೋಗಿದ್ದಾಗ ಸದ್ದಿಲ್ಲದೆ ಕತ್ತರಿಸಿಕೊಂಡಿದ್ದಾರೆ. ಬಂದು ನೋಡಿದರೆ ಎದುರು ಮನೆಯವರಿಗೆಲ್ಲ ನಮ್ಮ ಮಂಚ ಕಾಣುತ್ತಿತ್ತು. ‘ಏನ್ರೀ ಇದು?’ ಎಂದು ಕೇಳಿದರೆ, ‘ಇಂಥ ಬಟ್ಟೆ ಎಲ್ಲಿ ಹುಡುಕಿದ್ರೂ ಸಿಗಲ್ಲ ಕಣೇ. ಆ ಕೆನೆ ಬಣ್ಣ ನೋಡು’ ಎಂದರು. ಬೈದು ಬೈದು ನನ್ನ ಬಾಯಿ ನೋಯಿತೇ ಹೊರತು ಬಟ್ಟೆ ವಾಪಸ್ಸು ಬರಲಿಲ್ಲ.

ಬಟ್ಟೆಯ ವಿಷಯದಲ್ಲಿ ಅವರ ಮಾತು ಸುಳ್ಳಾಗಿರಲಿಲ್ಲ, ಅದನ್ನು ಒಪ್ಪಬೇಕು. ಅದರೊಳಗಿನಿಂದ ಬಂದ ಬೆಳಕು ಯಾರ ಮೇಲೆ ಬಿದ್ದರೂ ಅವರು ಆಗ ತಾನೇ ನಿದ್ದೆ ಮುಗಿಸಿ ಎದ್ದವರ ಹಾಗೆ ಕಾಣುತ್ತಿದ್ದರು. ಎಡಕ್ಕೊಂದು ಪೆಟ್ಟಿಗೆ, ಬಲಕ್ಕೊಂದು ಪೆಟ್ಟಿಗೆ, ಗಲ್ಲದ ಕೆಳಗೆ ಟಿವಿ ಪೆಟ್ಟಿಗೆಯಲ್ಲಿ ಬಂದ ಥರ್ಮೋಕೋಲು. ನೆರಳು ಅನ್ನುವುದಕ್ಕೆ ನಿಲ್ಲಲು ಜಾಗವೇ ಇಲ್ಲ. ಮೊಡವೆ ಮಾಯ, ಸುಕ್ಕು ಮಾಯ, ಕಣ್ಣಿನ ಕೆಳಗಿನ ಕಪ್ಪು ಮಾಯ. ಕೆಲಸಕ್ಕೆ ಅರ್ಜಿ ಹಾಕುವವರು, ಮದುವೆಗೆ ಹೆಣ್ಣುಗಂಡು ನೋಡುವವರು, ಎಲ್ಲರೂ ಮೇನ್ ರೋಡಿನ ದೊಡ್ಡ ಸ್ಟುಡಿಯೊ ಬಿಟ್ಟು ನಮ್ಮ ಸಂದಿಗೆ ಬರುತ್ತಿದ್ದದ್ದು ಅದಕ್ಕೇ.

ಭಾನುವಾರ ಬೆಳಗ್ಗೆ ಯಜಮಾನರ ಪಾಠ. ಕೈಯಲ್ಲಿ ಕಾಸಿಲ್ಲದ ಫೋಟೋ ಹುಚ್ಚರಿಗೆಲ್ಲ ಅವರು ಗುರುಗಳು. ನಿವೃತ್ತ ಗುಮಾಸ್ತರೊಬ್ಬರು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು, ಮದುವೆಗಳಲ್ಲಿ ದೊಡ್ಡ ಫೋಟೋಗ್ರಾಫರುಗಳ ಹಿಂದೆ ಚೀಲ ಹೊರುವ ಇಬ್ಬರು. ಇವರೆಲ್ಲ ನೆಲದ ಮೇಲೆ ಕೂತು ಕತ್ತರಿ, ಗೋಂದು ಹಿಡಿದು ರಟ್ಟು ಕತ್ತರಿಸುತ್ತಿದ್ದರೆ, ಯಜಮಾನರು ಭಾಷಣ ಬಿಗಿಯುತ್ತಿದ್ದರು. ‘ಫ್ಲ್ಯಾಶು ಕ್ಯಾಮೆರಾದ ತಲೆ ಮೇಲೆ ಕೂತಿದ್ರೆ ಪೊಲೀಸಿನವನ ಹಾಗೆ, ನೇರ ಮುಖದ ಮೇಲೇ ಬೀಳುತ್ತೆ. ಅದನ್ನ ಕೆಳಗಿಳಿಸಿ, ಪಕ್ಕಕ್ಕೆ ಕರ್ಕೊಂಡು ಬನ್ನಿ. ಆಮೇಲೆ ನೋಡಿ, ಹೇಳಿದ ಮಾತು ಕೇಳುತ್ತೆ.’ ಚಹಾ ಮಾಡಿಕೊಡುವುದು, ಆಮೇಲೆ ಅಂಟಿದ ಗೋಂದನ್ನು ನೆಲದಿಂದ ಕೆರೆಯುವುದು ನನ್ನ ಪಾಲು.

ಅಂಥದೊಂದು ಪಾಠದ ನಡುವೆ ಪುಟ್ಟಿ ಬಂದಳು.

ಪುಟ್ಟಿ ಎಂದರೆ ಯಜಮಾನರ ತಂಗಿ. ಮದುವೆಯಾಗಿ ಮೂರು ವರ್ಷದ ಮಗಳಿದ್ದರೂ ನಮಗೆಲ್ಲ ಪುಟ್ಟಿಯೇ. ಮಗಳಿಗೆ ಮರಿ ಎನ್ನುತ್ತೇವೆ. ಗಂಡನದು ಔಷಧಿ ಅಂಗಡಿ, ನಮ್ಮಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರ. ತಗ್ಗಿದ ದನಿಯ, ಇಸ್ತ್ರಿ ಅಂಗಿಯ ಮನುಷ್ಯ. ಆ ಸುತ್ತಿನ ಮುದುಕರಿಗೆಲ್ಲ ಅವನೆಂದರೆ ಪ್ರಾಣ. ಹೊಡೆಯುತ್ತಿದ್ದ. ಎಲ್ಲಿ ಹೊಡೆದರೆ ತೋಳಿನ ಬಟ್ಟೆಯೊಳಗೆ ಮುಚ್ಚಿಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು, ಯಾವ ಮುಲಾಮು ಹಚ್ಚಿದರೆ ಬೇಗ ಮಾಯುತ್ತದೆ ಎಂದೂ ಗೊತ್ತಿತ್ತು. ಹೊಡೆದ ಮೇಲೆ ಅವನೇ ಪಕ್ಕದಲ್ಲಿ ಕೂತು ಹಚ್ಚುತ್ತಿದ್ದನಂತೆ, ಮೆಲ್ಲಗೆ, ಊದಿ ಊದಿ. ಅದನ್ನು ಕೇಳಿದಾಗ ನನಗೆ ಹೊಡೆತಕ್ಕಿಂತ ಆ ಊದುವುದೇ ಹೆಚ್ಚು ಅಸಹ್ಯವೆನಿಸಿತು.

ಅವತ್ತು ಪುಟ್ಟಿ ಒಬ್ಬಳೇ ಬಂದಿದ್ದಳು, ಕೈಯಲ್ಲೊಂದು ಚೀಲ. ಯಜಮಾನರು ಶಿಷ್ಯರನ್ನೆಲ್ಲ ಕಳಿಸಿ ಬಾಗಿಲು ಹಾಕಿದರು.

‘ಮರಿ ಎಲ್ಲಿ?’ ಎಂದೆ.

‘ಬಾಗಿಲಲ್ಲಿ ನಮ್ಮತ್ತೆ ಕಿತ್ಕೊಂಡ್ರು ಅತ್ತಿಗೆ. ನೀನು ಬೇಕಾದ್ರೆ ಹೋಗು, ಮಗು ಮನೇದು ಅಂದ್ರು.’

ಅವಳು ಅಳಲಿಲ್ಲ. ದಾರಿಯಲ್ಲೇ ಒಬ್ಬ ವಕೀಲೆಯ ಜೊತೆ ಫೋನಿನಲ್ಲಿ ಮಾತಾಡಿ ಬಂದಿದ್ದಳು. ಮಗು ಯಾರ ಬಳಿ ಇರಬೇಕು ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ, ಬೇಗನೇ ವಿಚಾರಣೆಗೆ ಬರುವಂತೆ ಮಾಡಬಹುದು. ಆದರೆ ಆ ಮನುಷ್ಯ ಹೊಡೆಯುತ್ತಾನೆ ಎಂಬುದಕ್ಕೆ ಪುರಾವೆ ಬೇಕು. ಸ್ವಂತ ಅಂಗಡಿ, ಒಳ್ಳೆಯ ಹೆಸರು, ಮನೆಯಲ್ಲಿ ಅಜ್ಜಿ. ಬರೀ ಬಾಯಿಮಾತಿಗೆ ಮಗುವನ್ನು ಅವನಿಂದ ಬಿಡಿಸಿ ಕೊಡುವುದಿಲ್ಲ. ಮೊದಲೊಮ್ಮೆ ಪುಟ್ಟಿ ಅಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಆತ ಗಂಡನ ಸ್ನೇಹಿತ. ಮೆಟ್ಟಿಲಿನಿಂದ ಬಿದ್ದದ್ದು ಎಂದು ಬರೆದು ಕೊಟ್ಟು, ‘ನೋಡ್ಕೊಂಡು ಓಡಾಡಮ್ಮ’ ಎಂದು ಬುದ್ಧಿ ಬೇರೆ ಹೇಳಿದ್ದ. ಹಾಗಾಗಿ ವಕೀಲೆ ಹೇಳಿದ್ದು ಒಂದೇ ಮಾತು. ಮೈಮೇಲೆ ಏನಿದೆಯೋ ಅದು ಮಾಸುವ ಮೊದಲು ಫೋಟೋ ತೆಗೆಸಿಡಿ.

‘ಅದಕ್ಕೇನಂತೆ, ಈಗಲೇ ತೆಗೀತೀನಿ’ ಎಂದು ನಾನು ನನ್ನ ಫೋನು ಕೈಗೆತ್ತಿಕೊಂಡೆ.

‘ಫೋನಲ್ಲಿ ಯಾಕೆ?’ ಎಂದರು ಯಜಮಾನರು. ‘ಅಣ್ಣ ಫೋಟೋದವನು ಅಂತ ಇಟ್ಕೊಂಡು ನನ್ನ ತಂಗಿ ಕೋರ್ಟಿಗೆ ಫೋನ್ ಫೋಟೋ ತಗೊಂಡು ಹೋಗಬೇಕಾ? ನೆಟ್ಟಗೆ ತೆಗೆಯೋಣ.’

ಅವರ ಮುಖ ಆಗ ಹೇಗಿತ್ತೆಂದರೆ, ತಂಗಿಗೆ ಮಾಡಲು ಕೊನೆಗೂ ಒಂದು ಕೆಲಸ ಸಿಕ್ಕಿತು ಎನ್ನುವ ಹಾಗಿತ್ತು. ನಾನು ಫೋನು ಕೆಳಗಿಟ್ಟೆ.

ಪುಟ್ಟಿಗೆ ಅಣ್ಣನೆದುರು ಅಂಗಿ ಬಿಚ್ಚಲು ನಾಚಿಕೆ. ನಾನು ಟವೆಲ್ಲನ್ನು ಎದೆಗೆ ಅಡ್ಡ ಸುತ್ತಿ, ಬೆನ್ನನ್ನು ಕ್ಯಾಮೆರಾದ ಕಡೆ ತಿರುಗಿಸಿ ಸ್ಟೂಲಿನ ಮೇಲೆ ಕೂರಿಸಿದೆ. ಆಗ ಕಂಡೆ. ತೋಳಿನ ಮೇಲ್ಭಾಗದಲ್ಲಿ ನಾಲ್ಕು ಬೆರಳಿನ ಗುರುತು, ಅಂಚಿನಲ್ಲಿ ಹಳದಿಗೆ ತಿರುಗಿ ನಡುವೆ ಹಸಿರು. ಬೆನ್ನಿಗೆ ಅಡ್ಡಡ್ಡ ಎದ್ದ ಬಾಸುಂಡೆಗಳು, ಬೆರಳಿಟ್ಟರೆ ತಗಲುತ್ತಿದ್ದವು. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಬರೆಯುವಂಥದ್ದಲ್ಲ.

ಯಜಮಾನರು ತಂಗಿಯ ಬೆನ್ನನ್ನು ಒಂದು ಕ್ಷಣ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿಬಿಟ್ಟರು. ಆಮೇಲೆ ಅವರು ನೋಡಿದ್ದು ದೀಪಗಳನ್ನು ಮಾತ್ರ. ಎಡ ಪೆಟ್ಟಿಗೆ ಹತ್ತಿರ ತಂದರು, ಬಲ ಪೆಟ್ಟಿಗೆ ಹತ್ತಿರ ತಂದರು, ಬಟ್ಟೆಯ ಸುಕ್ಕು ಎಳೆದು ಸರಿಮಾಡಿದರು. ಥರ್ಮೋಕೋಲನ್ನು ಕುರ್ಚಿಗೆ ಒರಗಿಸಿದರು. ವರ್ಷಗಟ್ಟಲೆ ಬಂದ ಗಿರಾಕಿಗೆಲ್ಲ ಏನು ಮಾಡಿದ್ದರೋ ಅದನ್ನೇ ಇನ್ನಷ್ಟು ಶ್ರದ್ಧೆಯಿಂದ ಮಾಡಿದರು, ಸ್ವಂತ ತಂಗಿ ನೋಡಿ. ‘ಸ್ವಲ್ಪ ಈ ಕಡೆ ತಿರುಗು ಪುಟ್ಟಿ. ಹಾಂ, ಸಾಕು.’ ಫ್ಲ್ಯಾಶು ಮಿಂಚಿದಾಗಲೆಲ್ಲ ಅವಳ ಭುಜ ಬೆಚ್ಚಿ ಬೀಳುತ್ತಿತ್ತು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಅವರು ಬೆಳಕು ಹೆಚ್ಚೋ ಕಮ್ಮಿಯೋ ಎಂದಷ್ಟೇ ನೋಡಿ ಮುಗಿಸಿದರು.

ಬಟ್ಟೆ ಹಾಕಿಕೊಳ್ಳುತ್ತಾ ಪುಟ್ಟಿ ನನ್ನ ಕೈ ಹಿಡಿದಳು. ‘ಅತ್ತಿಗೆ, ಇದನ್ನ ನೀವು ಕಂಪ್ಯೂಟರಲ್ಲಿ ದೊಡ್ಡದು ಮಾಡಿ ನೋಡ್ಬೇಡಿ. ಅಣ್ಣನೂ ನೋಡೋದು ಬೇಡ. ಹಾಗೇ ವಕೀಲರಿಗೆ ಕೊಟ್ಬಿಡಿ.’ ನನಗೆ ಅವಳ ಸಂಕಟ ಅರ್ಥವಾಯಿತು. ಅವಳ ಎದುರಿಗೇ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಲಕೋಟೆಯಲ್ಲಿಟ್ಟು ಅಂಟಿಸಿ ಕೊಟ್ಟೆ.

ಒಂದು ವಾರ ವಕೀಲೆ ಬೇರೊಂದು ಕೇಸಿನಲ್ಲಿ ಮುಳುಗಿದ್ದರು. ಪುಟ್ಟಿ ನಮ್ಮ ಮನೆಯಲ್ಲೇ ಇದ್ದಳು. ಸಂಜೆಯಾದರೆ ಗಂಡನ ಮನೆಗೆ ಫೋನು ಮಾಡುವಳು, ಅತ್ತೆ ಒಮ್ಮೆ ಎತ್ತಿ ಮಗುವಿನ ದನಿ ಕೇಳಿಸಿ ಇಟ್ಟುಬಿಡುವರು. ಮರಿಗೆ ತಾಯಿಯ ಕಿವಿಯ ಹಾಲೆ ಹಿಡಿದುಕೊಂಡೇ ನಿದ್ದೆ ಬರುವುದು, ಆ ವಾರವೆಲ್ಲ ಪುಟ್ಟಿ ತನ್ನ ಕಿವಿಯನ್ನು ತಾನೇ ಹಿಡಿದುಕೊಂಡು ಕೂತಿರುತ್ತಿದ್ದಳು.

ಕೊನೆಗೆ ವಕೀಲೆ ಕರೆದರು. ಮೂವರೂ ಹೋದೆವು. ಕಡತಗಳ ನಡುವೆ ಜಾಗ ಮಾಡಿ ಕೂರಿಸಿ, ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು.

‘ನೋಡಿ, ನಾನು ಕಣ್ಣಿಗೆ ಎರಡು ಸಲ ಕನ್ನಡಕ ಹಾಕಿ ತೆಗೆದು ನೋಡ್ದೆ. ಇದರಲ್ಲಿ ಏಟು ಎಲ್ಲಿದೆ?’

ಪರದೆಯ ತುಂಬ ಪುಟ್ಟಿಯ ಬೆನ್ನು. ನುಣ್ಣಗೆ, ಕೆನೆ ಬಣ್ಣದಲ್ಲಿ, ಸೋಪಿನ ಜಾಹೀರಾತಿಗೆ ಹಾಕುವಷ್ಟು ಚಂದ. ಎರಡೂ ಕಡೆಯಿಂದ ಸಮಕ್ಕೆ ಬೆಳಕು ಬಿದ್ದು ಬಾಸುಂಡೆಗಳ ನೆರಳೇ ಇಲ್ಲ. ನೆರಳಿಲ್ಲದ ಮೇಲೆ ಉಬ್ಬು ಎಲ್ಲಿ ಕಾಣಬೇಕು? ತೋಳಿನ ಹಳದಿ ಗುರುತುಗಳು ಆ ಬಟ್ಟೆಯ ಹಳದಿ ಬೆಳಕಿನಲ್ಲಿ ಕರಗಿಹೋಗಿದ್ದವು. ಹಸಿರಿದ್ದ ಕಡೆ ಒಂದು ಮಬ್ಬು, ಅದೂ ತೋಳಿನ ಮಡಿಕೆಯೋ ಏನೋ ಎನ್ನುವ ಹಾಗೆ. ಎಲ್ಲ ಫೋಟೋಗಳೂ ಅಷ್ಟೇ.

‘ಇದನ್ನ ತೋರಿಸಿದ್ರೆ ಆ ಕಡೆಯ ವಕೀಲರು ಎದ್ದು ನಿಂತು ನಮಗೆ ಕೈಮುಗೀತಾರೆ’ ಎಂದರು ವಕೀಲೆ. ಕೆಟ್ಟ ಮನಸ್ಸಿನಿಂದ ಅಲ್ಲ, ಸುಸ್ತಾದವರ ಮಾತು ಅದು. ‘ಈಗ ಮೈಮೇಲೆ ಏನಾದ್ರೂ ಉಳಿದಿದೆಯಾ?’

ಪುಟ್ಟಿ ತೋಳಿನ ಬಟ್ಟೆ ಮೇಲೆತ್ತಿದಳು. ಏನೂ ಉಳಿದಿರಲಿಲ್ಲ.

‘ವಿಚಾರಣೆ ಮುಂದಿನ ತಿಂಗಳು. ಇನ್ನೇನಾದ್ರೂ ಸಿಗುತ್ತಾ ನೋಡೋಣ. ಪಕ್ಕದ ಮನೆಯವರು, ಯಾರಾದ್ರೂ ಸಾಕ್ಷಿ...’ ಎಂದವರು ಕಂಪ್ಯೂಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಪಕ್ಕದ ಮನೆಯವರೆಲ್ಲ ಆ ಅಂಗಡಿಯಿಂದಲೇ ಮಾತ್ರೆ ನುಂಗುವವರು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಯಜಮಾನರನ್ನು ನಾನು ಬಿಡಲಿಲ್ಲ. ‘ಭಾನುವಾರ ಬಂದ್ರೆ ಊರಿಗೆಲ್ಲ ಪಾಠ ಹೇಳ್ತೀರಲ್ಲ, ಪಕ್ಕದ ಬೆಳಕು, ಮುಂದಿನ ಬೆಳಕು ಅಂತ. ಸ್ವಂತ ತಂಗಿ ಬೆನ್ನು ತೋರಿಸ್ದಾಗ ನಿಮ್ಮ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?’

‘ಗೊತ್ತಾಗ್ಲಿಲ್ಲ ಕಣೇ’ ಎಂದರು. ‘ಕೈ ತಾನಾಗೇ ಮಾಡ್ತು.’

ಅದು ನಿಜವೇ. ಇಷ್ಟು ವರ್ಷ ಅವರ ಕೈ ಕಲಿತದ್ದು ಒಂದೇ ವಿದ್ಯೆ, ಎದುರಿಗೆ ಕೂತವರ ಕೊರತೆ ಮುಚ್ಚುವುದು. ತಂಗಿ ಕೂತಾಗ ಅದನ್ನು ಎಂದಿಗಿಂತ ಚೆನ್ನಾಗಿ ಮಾಡಿದ್ದರು. ನಿಜವೆಂದು ಗೊತ್ತಿದ್ದರೂ ನನಗೆ ಅವರ ಮೇಲೆ ಬಂದ ಸಿಟ್ಟು ಇಳಿಯಲಿಲ್ಲ.

ಪುಟ್ಟಿ ಮಾತ್ರ ಅಣ್ಣನನ್ನು ಬೈಯಲಿಲ್ಲ. ಮಾರನೆಯ ಬೆಳಗ್ಗೆ ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅವಳು ಸ್ಟುಡಿಯೊದಲ್ಲಿ ಅಣ್ಣನ ಪಕ್ಕ ನಿಂತಿದ್ದಳು.

‘ಹಾಗಾದ್ರೆ ಹೇಗೆ ತೆಗೆದ್ರೆ ಕಾಣ್ಸುತ್ತೆ ಅಣ್ಣ?’

ಅವರಿಗೆ ಅಷ್ಟೇ ಸಾಕಾಯಿತು. ರಾತ್ರಿಯಿಡೀ ಅದನ್ನೇ ತಲೆಯಲ್ಲಿ ಕಡೆದಿದ್ದರೋ ಏನೋ, ಎದ್ದು ಎರಡೂ ಪೆಟ್ಟಿಗೆಗಳನ್ನು ಮೂಲೆಗೆ ತಳ್ಳಿದರು. ಒಂದೇ ಒಂದು ಫ್ಲ್ಯಾಶು, ಬಟ್ಟೆಯಿಲ್ಲ, ಪೆಟ್ಟಿಗೆಯಿಲ್ಲ. ಅದರ ಮುಂದೆ ಕಪ್ಪು ರಟ್ಟಿನ ಕೊಳವೆ ಸುತ್ತಿ, ಬೆಳಕು ಚೆಲ್ಲದಂತೆ ಮಾಡಿದರು. ಸ್ಟೂಲಿನ ಮೇಲೆ ಅಡುಗೆಮನೆಯಿಂದ ತಂದ ಒಂದು ಕಿತ್ತಳೆ ಹಣ್ಣು ಇಟ್ಟರು.

‘ನೋಡು. ದೀಪ ಎದುರಿಗಿದ್ರೆ ಇದು ಬರೀ ಚೆಂಡು. ಈಗ ಪಕ್ಕಕ್ಕೆ ತರ್ತೀನಿ, ಪೂರ್ತಿ ಪಕ್ಕಕ್ಕೆ, ಸಿಪ್ಪೆ ಸವರ್ಕೊಂಡು ಹೋಗೋ ಹಾಗೆ.’ ತೆಗೆದು ತೋರಿಸಿದರು. ಕಿತ್ತಳೆಯ ಒಂದೊಂದು ಗುಳಿಯೂ ಬಾವಿಯಂತೆ ಕಂಡಿತು. ‘ಇಷ್ಟೇ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ರೆ ಗಾಯದ ಗಾತ್ರನೂ ಗೊತ್ತಾಗುತ್ತೆ. ಮುಲಾಮು ಹಚ್ಚಿರಬಾರದು, ಹೊಳೆಯುತ್ತೆ. ಆದಷ್ಟು ಬೇಗ ತೆಗೀಬೇಕು.’

‘ಎಷ್ಟು ಬೇಗ?’

‘ಅವತ್ತಿಂದು ಅವತ್ತೇ ತೆಗೆದ್ರೆ ಒಳ್ಳೇದು. ಮಾರನೇ ದಿನ ಬಣ್ಣ ಇನ್ನೂ ಗಾಢ ಆಗುತ್ತೆ, ಆದರೆ ಊತ...’

ಅಲ್ಲಿಗೆ ನನಗೆ ಹೊಳೆಯಿತು. ಅವರು ಭಾನುವಾರದ ಪಾಠದ ಹುಮ್ಮಸ್ಸಿನಲ್ಲಿದ್ದರು, ಅವರಿಗೆ ಹೊಳೆದಿರಲಿಲ್ಲ. ಪುಟ್ಟಿ ಕಿತ್ತಳೆಯನ್ನು ನೋಡುತ್ತಾ ತಲೆದೂಗುತ್ತಿದ್ದಳು, ಯಾವುದೋ ಅಂಗಡಿಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳುವವಳ ಹಾಗೆ.

ನಾನು ಅವಳನ್ನು ಒಳಗೆ ಎಳೆದುಕೊಂಡು ಹೋದೆ. ‘ಏನು ಯೋಚನೆ ಮಾಡ್ತಿದೀಯ ನೀನು? ನನ್ನ ಮುಖ ನೋಡಿ ಹೇಳು.’

‘ವಾಪಸ್ ಹೋಗ್ತೀನಿ ಅತ್ತಿಗೆ.’

‘ಹೊಡೆಸ್ಕೊಳ್ಳೋಕಾ?’

‘ಅಲ್ಲಿ ಅದಕ್ಕೇನು ಬರಗಾಲ ಇಲ್ಲ’ ಎಂದು ನಕ್ಕಳು. ‘ಹೇಗಿದ್ರೂ ಹೊಡೀತಾರೆ. ಸುಮ್ನೆ ಹೊಡೆಸ್ಕೊಂಡು ಮೂರು ವರ್ಷ ಆಯ್ತು. ಒಂದು ಸಲ ಉಪಯೋಗಕ್ಕೆ ಬರೋ ಹಾಗೆ ಹೊಡೆಸ್ಕೋತೀನಿ.’

‘ತಲೆ ಕೆಟ್ಟಿದೆ ನಿನಗೆ. ಬೇರೆ ದಾರಿ ಹುಡುಕೋಣ. ನಾಳೆ ಮತ್ತೆ ವಕೀಲರ ಹತ್ರ ಹೋಗೋಣ.’

‘ಮರಿಗೆ ಹೊಡೆಯೋಕೆ ಶುರು ಮಾಡಿದ್ರೆ?’ ಎಂದಳು. ‘ನಿನ್ನೆ ಫೋನಲ್ಲಿ ಅವಳು ಪಿಸುಪಿಸು ಮಾತಾಡಿದ್ಲು ಅತ್ತಿಗೆ. ಯಾವತ್ತೂ ಕಿರುಚೋ ಮಗು. ನಾನು ಅಲ್ಲಿ ಹಾಗೆ ಮಾತಾಡೋಕೆ ಶುರು ಮಾಡಿದ್ದು ಯಾವಾಗ ಅಂತ ನನಗೆ ಗೊತ್ತು.’

ಆದರೂ ಕೈ ಹಿಡಿದು ಜಗಳವಾಡಿದೆ, ಬೇಡಿಕೊಂಡೆ, ಅವಳ ಚೀಲ ಬಚ್ಚಿಟ್ಟೆ. ಯಜಮಾನರಿಗೂ ಹೇಳಿದೆ. ಅವರು ಬಿಳಿಚಿಕೊಂಡು, ‘ಅಯ್ಯೋ, ನಾನು ಅದಕ್ಕೆ ಹೇಳಿಕೊಟ್ಟಿದ್ದಲ್ಲ ಪುಟ್ಟಿ’ ಎಂದು ಗೋಡೆಗೆ ಒರಗಿದರು. ಮಧ್ಯಾಹ್ನ ನಾವಿಬ್ಬರೂ ಗಿರಾಕಿಗಳ ನಡುವೆ ಇದ್ದಾಗ ಅವಳು ಚೀಲವಿಲ್ಲದೇ ಹೊರಟುಹೋದಳು.

ಸ್ಟುಡಿಯೊ ಮುಚ್ಚಿ ಇಬ್ಬರೂ ಅವಳ ಗಂಡನ ಮನೆಗೆ ಓಡಿದೆವು. ಆ ಮನುಷ್ಯನೇ ಬಾಗಿಲು ತೆರೆದ. ‘ಬನ್ನಿ ಬನ್ನಿ’ ಎಂದು ಕುರ್ಚಿ ಒರೆಸಿ ಕೂರಿಸಿದ, ಚಹಾ ತರಿಸಿದ. ಸೋಫಾದಲ್ಲಿ ಪುಟ್ಟಿ, ತೊಡೆಯ ಮೇಲೆ ಮರಿ, ಮರಿಯ ಕೈ ತಾಯಿಯ ಕಿವಿಯಲ್ಲಿ. ‘ನಾನು ಚೆನ್ನಾಗಿದ್ದೀನಿ ಅಣ್ಣ. ನೀವು ಹೋಗಿ’ ಎಂದಳು ಪುಟ್ಟಿ. ಏನೆಂದು ಎಳೆದುಕೊಂಡು ಬರುವುದು? ಚಹಾ ಕುಡಿಯದೆ ಎದ್ದು ಬಂದೆವು.

ಆಮೇಲಿನ ದಿನಗಳನ್ನು ಹೇಗೆ ಕಳೆದೆವು ಎಂದು ಕೇಳಬೇಡಿ. ಭಾನುವಾರದ ಪಾಠ ನಿಂತಿತು. ಶಿಷ್ಯರು ಬಂದು ಬಾಗಿಲು ತಟ್ಟಿ ವಾಪಸ್ಸು ಹೋದರು. ಫೋನು ಬಡಿದರೆ ಇಬ್ಬರೂ ಒಟ್ಟಿಗೆ ಓಡುವೆವು. ಗಿರಾಕಿ ಬಂದರೆ ಯಜಮಾನರು ಕಿಟಕಿಯ ಪಕ್ಕ ಕೂರಿಸಿ ಹಗಲು ಬೆಳಕಿನಲ್ಲೇ ತೆಗೆದು ಕಳಿಸುತ್ತಿದ್ದರು, ಏಕೆಂದರೆ ಆ ಒಂಟಿ ಫ್ಲ್ಯಾಶನ್ನು ಅವರು ಇಟ್ಟ ಜಾಗದಿಂದ ಕದಲಿಸಿರಲಿಲ್ಲ. ಕಸ ಗುಡಿಸುವಾಗ ನಾನು ಅದನ್ನು ಸುತ್ತಿಕೊಂಡು ಗುಡಿಸುತ್ತಿದ್ದೆ. ಒಮ್ಮೆ ಅದರ ಬ್ಯಾಟರಿ ಬದಲಾಯಿಸುತ್ತಿದ್ದುದನ್ನು ಕಂಡೆ. ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ತಂಗಿಯ ಮೈಮೇಲೆ ಏಟು ಬೀಳಲೆಂದು ಕಾಯುವ ಮನೆಯಾಗಿಬಿಟ್ಟಿತು ನಮ್ಮದು, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವಳು ಬಂದದ್ದು ಒಂದು ಮಟಮಟ ಮಧ್ಯಾಹ್ನ, ಬಾಡಿಗೆ ಕಾರಿನಲ್ಲಿ. ಡ್ರೈವರು ಹಿಡಿದು ಇಳಿಸಿ, ‘ಆಸ್ಪತ್ರೆಗೆ ಅಂದ್ರೆ ಇಲ್ಲಿಗೇ ಅಂತ ಹಟ ಮಾಡಿದ್ರು ಕಣಮ್ಮ’ ಎಂದ. ನಾನು ಮೊದಲಿಗೆ ಗುರುತಿಸಲಿಲ್ಲ. ಎಡಗಣ್ಣು ಇದ್ದ ಕಡೆ ಒಂದು ಕಪ್ಪು ಗಡ್ಡೆ, ದವಡೆ ಒಂದು ಕಡೆಗೆ ಸರಿದಿತ್ತು, ಹಣೆಯ ಮೇಲೆ ಕೂದಲಿಗೆ ರಕ್ತ ಅಂಟಿ ಒಣಗಿತ್ತು. ಅವನು ಇದುವರೆಗೆ ಮುಖಕ್ಕೆ ಕೈ ಹಾಕಿದವನಲ್ಲ.

‘ಏನಾಯ್ತು, ಏನು ಮಾಡಿದೆ ನೀನು?’ ಎಂದೆ.

ಬಾಯಿ ತೆರೆಯಲಾಗದೆ ಹಲ್ಲಿನ ಸಂದಿಯಿಂದ ಹೇಳಿದಳು. ‘ನಕ್ಕೆ ಅತ್ತಿಗೆ. ಅಂಗಡಿ ತುಂಬ ಜನ ಇದ್ದಾಗ, ನಮ್ಮನೆಯವರ ಮುಖ ನೋಡಿ. ಅಷ್ಟೇ. ಮನೆಗೆ ಬರೋವರೆಗೂ ಏನೂ ಮಾಡ್ಲಿಲ್ಲ.’

‘ನಡಿ ಆಸ್ಪತ್ರೆಗೆ.’

‘ಮೊದ್ಲು ಫೋಟೋ. ಅಲ್ಲಿ ಪಟ್ಟಿ ಕಟ್ಟಿಬಿಡ್ತಾರೆ.’

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವಳೇ ಗೋಡೆ ಹಿಡಿದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂತಳು, ಊದಿದ ಕಡೆಯ ಕೆನ್ನೆಯನ್ನು ತಾನೇ ಕ್ಯಾಮೆರಾದ ಕಡೆ ತಿರುಗಿಸಿದಳು. ಅವರು ಕ್ಯಾಮೆರಾ ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು. ಆಮೇಲೆ ನೆಲದ ಮೇಲೆ ಕುಸಿದು ಕೂತು ಮಗುವಿನಂತೆ ಅತ್ತರು. ನಾನು ಇಸಿದುಕೊಳ್ಳಲು ಹೋದರೆ ಕ್ಯಾಮೆರಾ ಬಿಡಲೂ ಇಲ್ಲ.

‘ಅಣ್ಣ’ ಎಂದಳು ಪುಟ್ಟಿ. ‘ಕಿತ್ತಳೆ ಅಂದ್ಕೋ.’

ಅವರು ಎದ್ದರು. ಈ ಸಲ ಕಣ್ಣು ತಿರುಗಿಸಲಿಲ್ಲ. ಅಳತೆಪಟ್ಟಿಯನ್ನು ಅವಳ ಕೆನ್ನೆಯ ಪಕ್ಕ ನಾನು ಹಿಡಿದೆ. ಪಕ್ಕದಿಂದ ಬೆಳಕು ಹೊಡೆಯಿತು, ಮತ್ತೆ ಹೊಡೆಯಿತು. ಅವಳು ಬೆಚ್ಚಲಿಲ್ಲ. ಅವರು ಪ್ರತಿ ಫೋಟೋವನ್ನೂ ದೊಡ್ಡದು ಮಾಡಿ, ಒಂದೊಂದು ಮೂಲೆಯನ್ನೂ ನೋಡಿ, ‘ಬಂದಿದೆ’ ಎಂದರು. ಎಲ್ಲವೂ ಬಂದಿತ್ತು. ಉಂಗುರದ ಅಚ್ಚು ಕೂಡ.

ಆಸ್ಪತ್ರೆಯಲ್ಲಿ ದವಡೆಯನ್ನು ತಂತಿಯಿಂದ ಬಿಗಿದರು, ಹಣೆಗೆ ಹೊಲಿಗೆ ಹಾಕಲು ತಲೆಯ ಮುಂಭಾಗ ಬೋಳಿಸಿದರು. ಎಡಗಣ್ಣಿನ ಬಗ್ಗೆ ಡಾಕ್ಟರು, ‘ನೋಡೋಣ’ ಎಂದರು. ಆ ‘ನೋಡೋಣ’ಕ್ಕೆ ಏನರ್ಥವೆಂದು ಮೂರನೆಯ ವಾರದ ಹೊತ್ತಿಗೆ ಗೊತ್ತಾಯಿತು. ಕಣ್ಣು ಹೋಗಿತ್ತು. ಔಷಧಿ ಅಂಗಡಿಯವನನ್ನು ಪೊಲೀಸರು ಕರೆದುಕೊಂಡು ಹೋದರು, ಜಾಮೀನಿನ ಮೇಲೆ ಬಂದು ಅವನು ಅಂಗಡಿ ತೆರೆದ. ಮುದುಕರು ಮಾತ್ರೆಗೆ ಬಂದರಂತೆ, ಮೊದಲಿನ ಹಾಗೆಯೇ.

ನ್ಯಾಯಾಲಯದಲ್ಲಿ ಹೆಚ್ಚು ಮಾತೇ ನಡೆಯಲಿಲ್ಲ. ನ್ಯಾಯಾಧೀಶರು ಫೋಟೋಗಳನ್ನು ಒಂದೊಂದಾಗಿ ನೋಡಿದರು. ಕೊನೆಯದನ್ನು ಮೇಜಿನ ಮೇಲೆ ಬೋರಲು ಹಾಕಿ, ಕನ್ನಡಕ ತೆಗೆದರು. ಮಗು ತಾಯಿಯ ಬಳಿಯೇ ಇರಬೇಕು ಎಂದರು. ಹೊರಗೆ ಬಂದಾಗ ವಕೀಲೆ ಯಜಮಾನರ ಕೈ ಕುಲುಕಿ, ‘ತುಂಬ ಚೆನ್ನಾಗಿ ತೆಗೆದಿದ್ದೀರಿ’ ಎಂದರು. ಯಜಮಾನರು ಆ ಕೈಯನ್ನು ದಿನವಿಡೀ ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಎರಡು ದಿನದ ಮೇಲೆ ನ್ಯಾಯಾಲಯ ಕಳಿಸಿದ ಹೆಂಗಸೊಬ್ಬರು ಮರಿಯನ್ನು ಅಜ್ಜಿಯ ಮನೆಯಿಂದ ಕರೆತಂದರು. ಬೆಳಗ್ಗೆಯಿಂದ ಪುಟ್ಟಿ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಣ್ಣಿಗೆ ಪಟ್ಟಿ, ತಲೆಯ ಮೇಲೆ ಕುಚ್ಚು ಕುಚ್ಚಾಗಿ ಬೆಳೆಯುತ್ತಿದ್ದ ಕೂದಲು, ತಂತಿ ಬಿಗಿದ ಬಾಯಿ. ಮುಖದ ಊತ ಇಳಿದು ಬೇರೆಯದೇ ಒಂದು ಆಕಾರಕ್ಕೆ ನಿಂತಿತ್ತು. ‘ಟೋಪಿ ಹಾಕ್ಕೊಳ್ಳಾ ಅತ್ತಿಗೆ?’ ಎಂದು ಕೇಳಿದ್ದಳು. ‘ಬೇಡ ಬಿಡು, ನಿನ್ನ ಮಗಳು ತಾನೇ’ ಎಂದಿದ್ದೆ.

ಮರಿ ಹೊಸ್ತಿಲ ಬಳಿ ನಿಂತಳು. ಪುಟ್ಟಿ ಎರಡೂ ಕೈ ಚಾಚಿ ಹಲ್ಲಿನ ಸಂದಿಯಿಂದ ಏನೋ ಕರೆದಳು, ಅದು ಯಾರ ದನಿಯ ಹಾಗೂ ಇರಲಿಲ್ಲ. ಮರಿ ಅವಳನ್ನು ನೋಡಿದಳು. ಆಮೇಲೆ ಗೋಡೆಗೆ ಒತ್ತಿಕೊಂಡು, ಕುರ್ಚಿಯಿಂದ ಆದಷ್ಟು ದೂರವಾಗಿ ನಡೆದು ಬಂದು ನನ್ನ ಬಟ್ಟೆ ಹಿಡಿದುಕೊಂಡಳು.

‘ಅತ್ತೆ’ ಎಂದು ಪಿಸುಗುಟ್ಟಿದಳು. ‘ಅಮ್ಮ ಎಲ್ಲಿ?’

ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ನನ್ನ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದಳು.

‘ಬರ್ತಾಳೆ’ ಎಂದಳು, ಮಗುವಿಗೆ ತಿಳಿಯುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ. ‘ನೀನು ಊಟ ಮಾಡು. ಅಷ್ಟರಲ್ಲಿ ಬರ್ತಾಳೆ.’

ಮರಿ ನನ್ನ ಹಿಂದಿನಿಂದ ಇಣುಕಿ ಅವಳನ್ನು ನೋಡಿ, ಆಯಿತು ಎಂದು ತಲೆಯಾಡಿಸಿದಳು. ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ ತಟ್ಟೆ ಹಾಕಿದೆ.